ಲಂಬಕೋನ ತ್ರಿಭುಜದಲ್ಲಿ ಸೈನ್, ಕಾಸ್, ಟ್ಯಾನ್: ಬಾಹು ಗುರುತಿಸುವುದರಿಂದ ಎತ್ತರ ಅಳೆಯುವವರೆಗೆ

ತ್ರಿಕೋನಮಿತಿಯ ಲೆಕ್ಕ ತಪ್ಪಿದವರ ಉತ್ತರ ಪತ್ರಿಕೆ ತೆರೆದು ನೋಡಿ. ಗುಣಾಕಾರ, ಭಾಗಾಕಾರ ಬಹುತೇಕ ಸರಿಯಾಗಿಯೇ ಇರುತ್ತವೆ. ತಪ್ಪು ಅದಕ್ಕೂ ಮೊದಲೇ, ಚಿತ್ರದ ಮೇಲೆ ಹೆಸರು ಬರೆಯುವಾಗಲೇ ನುಸುಳಿರುತ್ತದೆ: ಯಾವ ಕೋನದಿಂದ ನೋಡುತ್ತಿದ್ದೇವೆ ಎಂದು ನಿರ್ಧರಿಸದೆ ಬಾಹುಗಳಿಗೆ ಹೆಸರಿಟ್ಟಿರುತ್ತಾರೆ. ಹಾಗಾಗಿ ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ಹೆಸರಿಡುವ ಕ್ರಮಕ್ಕೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ಮೊದಲು ಸ್ಕೇಲು, ಕೋನಮಾಪಕ ಹಿಡಿಯಿರಿ

ಸೂತ್ರಕ್ಕೆ ಕೈಹಾಕುವ ಮೊದಲು ಈ ಹತ್ತು ನಿಮಿಷದ ಕೆಲಸ ಮಾಡಿ.

1. 5 ಸೆಂ.ಮೀ. ಉದ್ದದ ಅಡ್ಡಗೆರೆ ಎಳೆಯಿರಿ. ಎಡತುದಿಯಲ್ಲಿ 35° ಕೋನ, ಬಲತುದಿಯಲ್ಲಿ 90° ಕೋನ ರಚಿಸಿ ತ್ರಿಭುಜ ಪೂರ್ಣಗೊಳಿಸಿ.
2. ನಿಂತಿರುವ ಬಾಹುವನ್ನು ಅಳೆಯಿರಿ: ಸುಮಾರು 3.5 ಸೆಂ.ಮೀ. ಓರೆಯಾಗಿರುವ ಬಾಹು ಸುಮಾರು 6.1 ಸೆಂ.ಮೀ.
3. ಈಗ 10 ಸೆಂ.ಮೀ. ಅಡ್ಡಗೆರೆಯೊಂದಿಗೆ ಇದನ್ನೇ ಮತ್ತೆ ಮಾಡಿ. ನಿಂತ ಬಾಹು 7.0, ಓರೆ ಬಾಹು 12.2 ಸೆಂ.ಮೀ. ಬರುತ್ತದೆ.
4. ನಿಂತದ್ದನ್ನು ಓರೆಯಿಂದ ಭಾಗಿಸಿ. 3.5 ÷ 6.1 ≈ 0.574. 7.0 ÷ 12.2 ≈ 0.574.

ತ್ರಿಭುಜ ಎರಡುಪಟ್ಟು ದೊಡ್ಡದಾದರೂ ಭಾಗಲಬ್ಧ ಕದಲಲಿಲ್ಲ. 35° ಮತ್ತು 90° ಕೋನಗಳಿರುವ ಎಲ್ಲ ತ್ರಿಭುಜಗಳೂ ಸಮರೂಪ ತ್ರಿಭುಜಗಳು. ಒಂದು ಬಾಹು ಎಷ್ಟು ಪಟ್ಟು ಬೆಳೆಯುತ್ತದೋ ಉಳಿದವೂ ಅಷ್ಟೇ ಪಟ್ಟು ಬೆಳೆಯುತ್ತವೆ. ಆದ್ದರಿಂದ 0.574 ಎಂಬುದು 35° ಕೋನದ ಗುಣ. ನೀವು ಎಳೆದ ಗೆರೆಯ ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಸಂಖ್ಯೆಯೇ ಸೈನ್ 35°. ಕ್ಯಾಲ್ಕುಲೇಟರ್ ಇದನ್ನು 0.5736 ಎಂದು ತೋರಿಸುತ್ತದೆ. ಸೆಂ.ಮೀ.ಯನ್ನು ಸೆಂ.ಮೀ.ಯಿಂದಲೇ ಭಾಗಿಸಿದ್ದರಿಂದ ಇದಕ್ಕೆ ಮಾನವಿಲ್ಲ. ಸೈನ್ ಬೆಲೆಯ ಮುಂದೆ ಮೀಟರ್ ಎಂದೋ ಡಿಗ್ರಿ ಎಂದೋ ಬರೆದಿದ್ದರೆ ಅಲ್ಲೇ ಏನೋ ತಪ್ಪಿದೆ.

ಅದೇ ಹಾಳೆಯಲ್ಲಿ 70° ಕೋನವನ್ನೂ ಪ್ರಯತ್ನಿಸಿ. ಕೋನ ಇಮ್ಮಡಿಯಾದರೂ ಸೈನ್ ಇಮ್ಮಡಿಯಾಗದು: ಸೈನ್ 70° ಕೇವಲ 0.9397. ಟ್ಯಾನ್ ಮಾತ್ರ 0.70ರಿಂದ 2.75ಕ್ಕೆ ಜಿಗಿಯುತ್ತದೆ. ಕೋನಕ್ಕೂ ಅನುಪಾತಕ್ಕೂ ನೇರ ಅನುಪಾತದ ನಂಟಿಲ್ಲ ಎಂಬುದು ಇಲ್ಲೇ ಮನದಟ್ಟಾದರೆ ಮುಂದೆ ಅನೇಕ ತಪ್ಪುಗಳು ತಾವಾಗಿಯೇ ನಿಲ್ಲುತ್ತವೆ.

ಬಾಹುಗಳಿಗೆ ಹೆಸರಿಡುವ ಕ್ರಮ

ತ್ರಿಭುಜ ಕಖಗ ತೆಗೆದುಕೊಳ್ಳಿ. ಲಂಬಕೋನ ಖ ಶೃಂಗದಲ್ಲಿದೆ. ಹೆಸರಿಡುವುದು ಯಾವಾಗಲೂ ಈ ಅನುಕ್ರಮದಲ್ಲೇ ಆಗಲಿ:

ಮೊದಲು, ಲಂಬಕೋನಕ್ಕೆ ಚೌಕ ಗುರುತು ಹಾಕಿ. ಅದರ ಎದುರಿನ ಬಾಹು ವಿಕರ್ಣ. ಮೂರರಲ್ಲಿ ಅತಿ ಉದ್ದದ್ದು ಇದೇ. ಕೋನ ಯಾವುದಾದರೂ ಇದರ ಹೆಸರು ಬದಲಾಗದು.

ಎರಡನೆಯದಾಗಿ, ಲೆಕ್ಕದಲ್ಲಿ ಕೊಟ್ಟಿರುವ ಅಥವಾ ಕೇಳಿರುವ ಲಘುಕೋನಕ್ಕೆ ಕಮಾನು ಗುರುತು ಹಾಕಿ. ಲಂಬಕೋನವನ್ನು ಇಲ್ಲಿ ಆರಿಸುವಂತಿಲ್ಲ.

ಮೂರನೆಯದಾಗಿ, ಆ ಕಮಾನಿನೊಳಗೆ ನಿಂತು ಎದುರಿಗೆ ನೋಡಿ. ಕೋನವನ್ನು ಮುಟ್ಟದೆ ಆಚೆ ಇರುವ ಬಾಹು ಅಭಿಮುಖ ಬಾಹು. ಕೋನವನ್ನು ಮುಟ್ಟಿರುವ, ಆದರೆ ವಿಕರ್ಣವಲ್ಲದ ಬಾಹು ಪಾರ್ಶ್ವ ಬಾಹು. ಕೋನವನ್ನು ಎರಡು ಬಾಹುಗಳು ಮುಟ್ಟಿರುತ್ತವೆ ಎಂಬುದನ್ನು ಮರೆತು ವಿಕರ್ಣವನ್ನೇ ಪಾರ್ಶ್ವ ಬಾಹು ಎಂದು ಬರೆಯುವುದು ಬಲು ಸಾಮಾನ್ಯ. ವಿಕರ್ಣಕ್ಕೆ ಮೊದಲೇ ಹೆಸರಿಡಿ ಎನ್ನುವುದು ಅದಕ್ಕೇ.

‘ಪಾದ’, ‘ಲಂಬ’ ಎಂಬ ಹೆಸರುಗಳನ್ನು ಈ ಕೆಲಸಕ್ಕೆ ಬಳಸದಿರುವುದು ಒಳ್ಳೆಯದು. ಅವು ಗೆರೆ ಹಾಳೆಯ ಮೇಲೆ ಮಲಗಿದೆಯೋ ನಿಂತಿದೆಯೋ ಎಂದಷ್ಟೇ ಹೇಳುತ್ತವೆ. ಹಾಳೆಯನ್ನು ತಿರುಗಿಸಿದರೆ ಪಾದ ಲಂಬವಾಗುತ್ತದೆ, ಆದರೆ ಅಭಿಮುಖ ಬಾಹು ಅಭಿಮುಖವಾಗಿಯೇ ಉಳಿಯುತ್ತದೆ. ಪರೀಕ್ಷೆಗಳಲ್ಲಿ ತ್ರಿಭುಜವನ್ನು ಬೇಕೆಂದೇ ಓರೆಯಾಗಿ ಬಿಡಿಸಿ ಕೊಡುವುದು ಈ ಅಭ್ಯಾಸದವರನ್ನು ಹಿಡಿಯಲೆಂದೇ.

ಇನ್ನು ಮೂರು ಅನುಪಾತಗಳು:

ಸೈನ್ = ಅಭಿಮುಖ ÷ ವಿಕರ್ಣ
ಕಾಸ್ = ಪಾರ್ಶ್ವ ÷ ವಿಕರ್ಣ
ಟ್ಯಾನ್ = ಅಭಿಮುಖ ÷ ಪಾರ್ಶ್ವ

ನೆನಪಿಗೆ ‘ಸೈ-ಅವಿ, ಕಾ-ಪಾವಿ, ಟ್ಯಾ-ಅಪಾ’ ಎಂದು ಎರಡು ಸಲ ಗಟ್ಟಿಯಾಗಿ ಹೇಳಿಕೊಂಡರೆ ಸಾಕು. ಪ್ರತಿ ಜೋಡಿಯಲ್ಲೂ ಮೊದಲ ಅಕ್ಷರ ಅಂಶ, ಎರಡನೆಯದು ಛೇದ.

ಒಂದು ಉದಾಹರಣೆ. ಕಖ = 15, ಖಗ = 8, ಕಗ = 17 ಇರಲಿ. ಮೊದಲು ಇದು ನಿಜಕ್ಕೂ ಲಂಬಕೋನ ತ್ರಿಭುಜವೇ ನೋಡಿ: 225 + 64 = 289 = 17². ಸರಿ. ∠ಕ ಕಡೆಯಿಂದ ಅಭಿಮುಖ ಬಾಹು 8, ಪಾರ್ಶ್ವ ಬಾಹು 15. ಆದ್ದರಿಂದ ಸೈನ್ ಕ = 8/17 ≈ 0.471, ಕಾಸ್ ಕ = 15/17 ≈ 0.882, ಟ್ಯಾನ್ ಕ = 8/15 ≈ 0.533. ಈಗ ಗ ಶೃಂಗಕ್ಕೆ ಹೋಗಿ ನಿಲ್ಲಿ. ಅಭಿಮುಖ, ಪಾರ್ಶ್ವ ಬಾಹುಗಳು ಅದಲುಬದಲಾದವು: ಸೈನ್ ಗ = 15/17, ಕಾಸ್ ಗ = 8/17, ಟ್ಯಾನ್ ಗ = 15/8.

ಸೈನ್ ಕ ಮತ್ತು ಕಾಸ್ ಗ ಒಂದೇ ಆಗಿದ್ದು ಕಾಕತಾಳೀಯವಲ್ಲ. ಕ ಮತ್ತು ಗ ಸೇರಿ 90°, ಅಂದರೆ ಅವು ಪೂರಕ ಕೋನಗಳು. ಒಂದರ ಸೈನ್ ಎಂದರೆ ಇನ್ನೊಂದರ ಕಾಸ್. ಕಾಸ್ ಎಂಬುದರ ಪೂರ್ಣ ಹೆಸರು ಕೊಸೈನ್. ‘ಕೊಸೈನ್’ ಹೆಸರಿನ ‘ಕೊ’ ಹೇಳುವುದೂ ಇದನ್ನೇ: ಪೂರಕ ಕೋನದ ಸೈನ್. ಸೈನ್ ಪದದ ಬೇರು ನಮ್ಮ ಕಡೆಯದೇ. ಬಿಲ್ಲಿನ ಹೆದೆಗೆ ಸಂಸ್ಕೃತದಲ್ಲಿ ಜ್ಯಾ. ವೃತ್ತದ ಕಂಸ ಬಿಲ್ಲಾದರೆ ಜ್ಯಾ ಹೆದೆ. ಅರ್ಧ ಹೆದೆಯ ಉದ್ದಗಳನ್ನು ಆರ್ಯಭಟ ಕ್ರಿ.ಶ. 499ರ ಸುಮಾರಿಗೆ 3°45′ ಅಂತರದಲ್ಲಿ 24 ಬೆಲೆಗಳಾಗಿ ಕೊಟ್ಟ. ಅವನು ಹಿಡಿದ ತ್ರಿಜ್ಯ 3438. 30°ಗೆ ಬರುವ ಬೆಲೆ 1719, ತ್ರಿಜ್ಯದ ಸರಿಯಾಗಿ ಅರ್ಧ. ಜ್ಯಾ ಅರಬ್ಬಿಗೆ ‘ಜಿಬ’ ಆಗಿ ಹೋಯಿತು, ಅದನ್ನು ಮಡಿಲು ಎಂಬರ್ಥದ ‘ಜೈಬ್’ ಎಂದು ಓದಿಕೊಂಡವರು ಲ್ಯಾಟಿನ್‌ಗೆ ‘ಸೈನಸ್’ ಎಂದು ತಂದರು.

ಕೊಸೆಕೆಂಟ್, ಸೆಕೆಂಟ್, ಕೊಟ್ಯಾಂಜೆಂಟ್ ಹೊಸವೇನಲ್ಲ, ಕ್ರಮವಾಗಿ ಸೈನ್, ಕಾಸ್, ಟ್ಯಾನ್‌ಗಳ ವ್ಯುತ್ಕ್ರಮಗಳು, ಅಂದರೆ ಅಂಶ, ಛೇದ ಅದಲುಬದಲಾದ ರೂಪಗಳು. ಎಚ್ಚರ ಬೇಕಾದದ್ದು ಒಂದೇ: ಕೊಸೆಕ್ ಜೋಡಿ ಸೈನ್ ಜೊತೆ, ಸೆಕ್ ಜೋಡಿ ಕಾಸ್ ಜೊತೆ. ‘ಕೊ’ ಇರುವುದು ‘ಕೊ’ ಜೊತೆ ಹೋಗುತ್ತದೆ ಎಂದು ಊಹಿಸಿದರೆ ಕೆಟ್ಟಿರಿ.

ಒಂದು ಅನುಪಾತ ಗೊತ್ತಿದ್ದರೆ ಉಳಿದವು

ಸೈನ್ ಕ = 3/4 ಎಂದು ಕೊಟ್ಟಿದ್ದಾರೆ, ಉಳಿದವು ಬೇಕು. ಇದರರ್ಥ ಅಭಿಮುಖ ಬಾಹು 3, ವಿಕರ್ಣ 4 ಎಂದೇನಲ್ಲ. 6 ಮತ್ತು 8 ಇರಬಹುದು, 1.5 ಮತ್ತು 2 ಇರಬಹುದು. ಅನುಪಾತ ಮಾತ್ರ ಬೇಕಾಗಿರುವುದರಿಂದ 3 ಮತ್ತು 4 ಎಂದು ಹಿಡಿದರೂ ಉತ್ತರ ಕೆಡದು. ಪಾರ್ಶ್ವ ಬಾಹು = √(4² − 3²) = √7. ಹಾಗಾಗಿ ಕಾಸ್ ಕ = √7/4 ≈ 0.661, ಟ್ಯಾನ್ ಕ = 3/√7 ≈ 1.134.

ಇಲ್ಲಿ ಎರಡು ಗುಂಡಿಗಳಿವೆ. 3 ಮತ್ತು 4 ಕಂಡೊಡನೆ ಕೈ ತಾನಾಗಿ 5 ಎಂದು ಬರೆದುಬಿಡುತ್ತದೆ. ಆದರೆ ಇಲ್ಲಿ 4 ವಿಕರ್ಣ. ಪಾರ್ಶ್ವ ಬಾಹು ಅದಕ್ಕಿಂತ ಉದ್ದ ಇರಲಾರದು. ಇನ್ನೊಂದು, √(16 − 9) ಅನ್ನು 4 − 3 = 1 ಮಾಡುವುದು. ವರ್ಗಮೂಲ ವ್ಯವಕಲನದ ಒಳಗೆ ಹಂಚಿಹೋಗುವುದಿಲ್ಲ.

30°, 45°, 60° ಬೆಲೆಗಳನ್ನು ಹುಟ್ಟಿಸುವುದು

ಈ ಬೆಲೆಗಳನ್ನು ಮರೆಯುವುದು ಸಹಜ. ಮರೆತಾಗ ಅರ್ಧ ನಿಮಿಷದಲ್ಲಿ ಮತ್ತೆ ಪಡೆಯುವುದು ಗೊತ್ತಿದ್ದರಾಯಿತು.

45°ಗೆ ಚೌಕವನ್ನು ಕರ್ಣದ ಮೇಲೆ ಕತ್ತರಿಸಿ. ಬಾಹುಗಳು 1, 1, ವಿಕರ್ಣ √2. ಸೈನ್, ಕಾಸ್ ಎರಡೂ 1/√2, ಟ್ಯಾನ್ 1.

30° ಮತ್ತು 60°ಗೆ ಬಾಹು 2 ಇರುವ ಸಮಬಾಹು ತ್ರಿಭುಜವನ್ನು ನಡುವೆ ಸೀಳಿ. ತಳ 1 ಆಗುತ್ತದೆ, ವಿಕರ್ಣ 2, ಎತ್ತರ √(4 − 1) = √3. ಮೇಲ್ತುದಿಯ 60° ಅರ್ಧವಾಗಿ 30° ಆಗಿದೆ. ಅದರ ಎದುರಿಗಿರುವುದು 1. ಆದ್ದರಿಂದ ಸೈನ್ 30° = 1/2. ತಳದ 60° ಎದುರಿಗಿರುವುದು √3.

| ಕೋನ | ಸೈನ್ | ಕಾಸ್ | ಟ್ಯಾನ್ |
|---|---|---|---|
| 0° | 0 | 1 | 0 |
| 30° | 1/2 | √3/2 | 1/√3 |
| 45° | 1/√2 | 1/√2 | 1 |
| 60° | √3/2 | 1/2 | √3 |
| 90° | 1 | 0 | ಬೆಲೆಯಿಲ್ಲ |

ಸೈನ್ ಕಂಬಸಾಲನ್ನು √0/2, √1/2, √2/2, √3/2, √4/2 ಎಂದು ಓದಿ ನೋಡಿ. ಕಾಸ್ ಅದರ ತಲೆಕೆಳಗು. ಟ್ಯಾನ್ 90° ಅನ್ನು ಕೆಲವರು ‘ಅನಂತ’ ಎಂದು ಬರೆಯುತ್ತಾರೆ. ಅಲ್ಲಿ ಪಾರ್ಶ್ವ ಬಾಹು ಸೊನ್ನೆಯಾಗಿ ಭಾಗಾಕಾರಕ್ಕೇ ಅರ್ಥವಿಲ್ಲದಂತಾಗುತ್ತದೆ. 89°ಯಲ್ಲಿ ಟ್ಯಾನ್ 57.29, 89.9°ಯಲ್ಲಿ ಸುಮಾರು 573. ಏರಿಕೆ ಎಷ್ಟು ಕಡಿದು ಎಂಬುದು ಇಷ್ಟರಲ್ಲೇ ಕಾಣುತ್ತದೆ.

ಗೊತ್ತಿಲ್ಲದ ಬಾಹು ಕಂಡುಹಿಡಿಯುವುದು

ಗೊತ್ತಿರುವ ಬಾಹು ಯಾವುದು, ಬೇಕಾಗಿರುವ ಬಾಹು ಯಾವುದು ಎಂದು ಬರೆಯಿರಿ. ಆ ಎರಡೂ ಬರುವ ಅನುಪಾತ ಒಂದೇ ಇರುತ್ತದೆ, ಅದನ್ನೇ ಬಳಸಿ. ಲೆಕ್ಕದಲ್ಲಿ ಹೆಸರೇ ಬರದ ಮೂರನೆಯ ಬಾಹುವನ್ನು ಮರೆತುಬಿಡಿ.

ಮರದ ಎತ್ತರ ಬೇಕು. ಬುಡದಿಂದ 20 ಮೀಟರ್ ದೂರದಲ್ಲಿ ನಿಂತು ನೋಡಿದಾಗ ತುದಿಯ ಉನ್ನತ ಕೋನ, ಅಂದರೆ ಕಣ್ಣಿನ ಮಟ್ಟದ ಅಡ್ಡಗೆರೆಯಿಂದ ಮೇಲಕ್ಕೆ ಅಳೆದ ಕೋನ, 38°. ದೂರ ಪಾರ್ಶ್ವ ಬಾಹು, ಎತ್ತರ ಅಭಿಮುಖ ಬಾಹು, ಹಾಗಾದರೆ ಟ್ಯಾನ್. ಎತ್ತರ = 20 × ಟ್ಯಾನ್ 38° = 20 × 0.7813 ≈ 15.6 ಮೀಟರ್. ಆದರೆ ಕೋನ ಅಳೆದದ್ದು ನೆಲದಿಂದಲ್ಲ, ಕಣ್ಣಿನ ಮಟ್ಟದಿಂದ. ಕಣ್ಣು ನೆಲದಿಂದ 1.5 ಮೀಟರ್ ಮೇಲಿದ್ದರೆ ಮರ 17.1 ಮೀಟರ್. ಇದನ್ನು ಕೂಡಿಸಲು ಮರೆಯದವರು ಕಡಿಮೆ.

ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದಕ್ಕೂ ಲೆಕ್ಕವಿದೆ. ಕೈಯಲ್ಲಿ ಹಿಡಿದ ಕೋನಮಾಪಕದಲ್ಲಿ 1° ಆಚೀಚೆ ಆಗಿಯೇ ಆಗುತ್ತದೆ. 15.6 ಮೀಟರಿನ ಅದೇ ಎತ್ತರಕ್ಕೆ 38° ಅಥವಾ 45° ಆಸುಪಾಸಿನಲ್ಲಿ ನಿಂತರೆ ಆ 1° ತರುವ ತಪ್ಪು ಅರ್ಧ ಮೀಟರಿಗಿಂತ ತುಸು ಹೆಚ್ಚು. ಹತ್ತಿರ ಹೋಗಿ 70°ಯಲ್ಲಿ ನೋಡಿದರೆ ಅದು 0.9 ಮೀಟರಿಗೆ ಏರುತ್ತದೆ. ತೀರ ದೂರ ಹೋಗಿ 10°ಯಲ್ಲಿ ನೋಡಿದರೆ 1.6 ಮೀಟರ್. ತಪ್ಪು ಅತಿ ಕಡಿಮೆಯಾಗುವುದು 45° ಹತ್ತಿರ, ಅಂದರೆ ಎತ್ತರದಷ್ಟೇ ದೂರದಲ್ಲಿ ನಿಂತಾಗ. ನೆಲ ಇಳಿಜಾರಾಗಿದ್ದರೆ ಈ ಲೆಕ್ಕ ಹಾಗೆಯೇ ಹೊಂದದು; ಬುಡ ಮತ್ತು ನೀವು ನಿಂತ ಜಾಗ ಒಂದೇ ಮಟ್ಟದಲ್ಲಿರಬೇಕು.

ಬೇಕಾದ ಬಾಹು ಛೇದದಲ್ಲಿದ್ದಾಗ ಕೈ ಹೆಚ್ಚು ತಪ್ಪುತ್ತದೆ. ಗೋಡೆಯ ಮೇಲೆ 4 ಮೀಟರ್ ಎತ್ತರ ಮುಟ್ಟಬೇಕು, ಏಣಿ ನೆಲದೊಂದಿಗೆ 75° ಇರಬೇಕು. ಏಣಿ ಎಷ್ಟು ಉದ್ದ? ಎತ್ತರ ಅಭಿಮುಖ, ಏಣಿ ವಿಕರ್ಣ: ಸೈನ್ 75° = 4 ÷ ಏಣಿ. ಆದ್ದರಿಂದ ಏಣಿ = 4 ÷ 0.9659 ≈ 4.14 ಮೀಟರ್. ಭಾಗಿಸುವ ಬದಲು ಗುಣಿಸಿದರೆ 3.86 ಬರುತ್ತದೆ. ತಾನು ಮುಟ್ಟಬೇಕಾದ ಎತ್ತರಕ್ಕಿಂತ ಗಿಡ್ಡ ಏಣಿ! ವಿಕರ್ಣ ಎಂದಿಗೂ ಇತರ ಬಾಹುಗಳಿಗಿಂತ ಚಿಕ್ಕದಾಗದು ಎಂಬ ಒಂದೇ ಮಾತು ಇಂಥ ತಪ್ಪನ್ನು ತಕ್ಷಣ ಹಿಡಿದುಕೊಡುತ್ತದೆ.

ಅವನತ ಕೋನದಲ್ಲಿ ಬೇರೆಯದೇ ಗೊಂದಲ. 40 ಮೀಟರ್ ಎತ್ತರದ ಬಂಡೆಯ ಮೇಲಿಂದ ದೋಣಿ 25° ಅವನತ ಕೋನದಲ್ಲಿ ಕಾಣುತ್ತದೆ. ಈ 25° ಅಳೆಯುವುದು ಕಣ್ಣಿನ ಮಟ್ಟದ ಅಡ್ಡಗೆರೆಯಿಂದ ಕೆಳಕ್ಕೆ. ಅದನ್ನು ಬಂಡೆಯ ನಿಂತ ಗೋಡೆಗೂ ನೋಟದ ರೇಖೆಗೂ ನಡುವೆ ಬರೆದರೆ ದೂರ 18.7 ಮೀಟರ್ ಎಂದು ಬರುತ್ತದೆ. ಸಮಾಂತರ ರೇಖೆಗಳ ಪರ್ಯಾಯ ಕೋನದ ನಿಯಮದಿಂದ ಅದೇ 25° ದೋಣಿಯ ಬಳಿ, ನೀರಿನ ಮಟ್ಟದಲ್ಲಿ ಕೂರುತ್ತದೆ. ಸರಿಯಾದ ದೂರ 40 ÷ ಟ್ಯಾನ್ 25° = 40 ÷ 0.4663 ≈ 85.8 ಮೀಟರ್.

ಕೋನ ಕಂಡುಹಿಡಿಯುವುದು, ಕ್ಯಾಲ್ಕುಲೇಟರ್ ಕಾಟ

ಇಳಿಜಾರು ದಾರಿ 12 ಮೀಟರ್ ಮುಂದೆ ಹೋದಾಗ 1 ಮೀಟರ್ ಏರುತ್ತದೆ. ಟ್ಯಾನ್ = 1/12 ≈ 0.0833, ಈ ಟ್ಯಾನ್ ಇರುವ ಕೋನ ಯಾವುದೆಂದು ಕೇಳಲು ಟ್ಯಾನ್⁻¹ ಕೀಲಿ. ಉತ್ತರ 4.76°.

ಮೇಲಿರುವ −1 ಘಾತವಲ್ಲ. ಸೈನ್⁻¹ 0.5 ಎಂದರೆ 30°. 1 ÷ ಸೈನ್ 30° ಎಂದರೆ 2. ಒಂದು ಕೋನ ಕೊಡುತ್ತದೆ, ಇನ್ನೊಂದು ಬರೀ ಸಂಖ್ಯೆ. ಸೈನ್⁻¹ ಒತ್ತಿದಾಗ ಕ್ಯಾಲ್ಕುಲೇಟರ್ ದೋಷ ತೋರಿಸಿತೇ? ನೀವು ಕೊಟ್ಟ ಸಂಖ್ಯೆ 1ಕ್ಕಿಂತ ದೊಡ್ಡದಾಗಿದೆ ಎಂದರ್ಥ. ವಿಕರ್ಣವನ್ನು ಅಂಶದಲ್ಲಿ ಇಟ್ಟಿದ್ದೀರಿ.

ಕೆಲಸ ಶುರುಮಾಡುವ ಮೊದಲು ಸೈನ್ 30 ಒತ್ತಿ. 0.5 ಬಂದರೆ ಯಂತ್ರ ಡಿಗ್ರಿಯಲ್ಲಿದೆ. ಕೋನಕ್ಕೆ ರೇಡಿಯನ್, ಗ್ರೇಡಿಯನ್ ಎಂಬ ಬೇರೆ ಮಾನಗಳೂ ಇವೆ: −0.988 ಬಂದರೆ ರೇಡಿಯನ್‌ನಲ್ಲಿದೆ, 0.454 ಬಂದರೆ ಗ್ರೇಡಿಯನ್‌ನಲ್ಲಿದೆ. ಕೊನೆಯದು ಅಪಾಯಕಾರಿ, ಏಕೆಂದರೆ ಬರುವ ಉತ್ತರಗಳು ನಂಬುವ ಹಾಗೆಯೇ ಇರುತ್ತವೆ. ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ಗಳು ಕೋನವನ್ನು ರೇಡಿಯನ್‌ನಲ್ಲೇ ನಿರೀಕ್ಷಿಸುತ್ತವೆ. ಡಿಗ್ರಿಯನ್ನು π/180ರಿಂದ ಗುಣಿಸಿ ಕೊಡಬೇಕು.

ನಡುವಿನ ಹಂತಗಳಲ್ಲಿ ನಾಲ್ಕು ದಶಮಾಂಶ ಸ್ಥಾನ ಉಳಿಸಿಕೊಳ್ಳಿ, ಅಂದಾಜಿಸುವುದು ಕೊನೆಯಲ್ಲಿ. ಸೈನ್² ಕ + ಕಾಸ್² ಕ = 1 ಎಂಬ ನಿತ್ಯಸಮೀಕರಣ ಪರಿಶೀಲನೆಗೆ ಒದಗುತ್ತದೆ: ಹಿಂದಿನ ತ್ರಿಭುಜದಲ್ಲಿ 64/289 + 225/289 = 1. ಇದು ಪೈಥಾಗೊರಸ್ ಪ್ರಮೇಯವನ್ನೇ ವಿಕರ್ಣದ ವರ್ಗದಿಂದ ಭಾಗಿಸಿದ ರೂಪ. ಸೈನ್ ಅನ್ನು ಆವರಣದೊಳಗೆ ಹಂಚುವ ಆಸೆ ಬಂದರೆ ಮಾತ್ರ ಸೈನ್ 30° + ಸೈನ್ 60° = 1.366 ಎಂಬುದನ್ನು ನೆನೆಯಿರಿ. ಸೈನ್ (30° + 60°), ಅಂದರೆ ಸೈನ್ 90° ಬರೀ 1.

ಬುಡ ಮುಟ್ಟಲಾಗದಿದ್ದರೆ

ಗೋಪುರದ ಬುಡಕ್ಕೆ ಹೋಗಲಾಗದು, ದೂರ ಅಳೆಯಲಾಗದು. ಒಂದು ಕಡೆ ನಿಂತಾಗ ಉನ್ನತ ಕೋನ 28°. ನೇರ 30 ಮೀಟರ್ ಮುಂದೆ ಬಂದಾಗ 45°. ಈ 30 ಮೀಟರ್ ಯಾವ ಲಂಬಕೋನ ತ್ರಿಭುಜದ ಬಾಹುವೂ ಅಲ್ಲ, ಎರಡು ತಳಗಳ ವ್ಯತ್ಯಾಸ ಅಷ್ಟೇ. 30 × ಟ್ಯಾನ್ 28° ಎಂದು ಬರೆದವರು ಇಲ್ಲಿ ದಾರಿ ತಪ್ಪಿರುತ್ತಾರೆ.

ಹತ್ತಿರದ ತಳವನ್ನು ದ ಎನ್ನಿ. 45°ಯಲ್ಲಿ ಟ್ಯಾನ್ 1, ಆದ್ದರಿಂದ ಎತ್ತರವೂ ದ. ದೂರದ ಬಿಂದುವಿನಿಂದ: ದ = 0.5317 × (ದ + 30). ಬಿಡಿಸಿದರೆ 0.4683 × ದ = 15.951; ದ ≈ 34.1 ಮೀಟರ್. ತಾಳೆ ನೋಡಿ: 34.06 ÷ 64.06 ≈ 0.5317. ಕಣ್ಣಿನ ಎತ್ತರ ಇಲ್ಲೂ ಸೇರಬೇಕು.

ಲಂಬಕೋನವೇ ಇಲ್ಲದ ತ್ರಿಭುಜ

ಸೈನ್, ಕಾಸ್‌ಗಳ ‘ಅಭಿಮುಖ ÷ ವಿಕರ್ಣ’ ಲೆಕ್ಕ ಲಂಬಕೋನ ತ್ರಿಭುಜಕ್ಕೆ ಮಾತ್ರ. ಇಲ್ಲದಿದ್ದರೆ ಒಂದು ಲಂಬ ಇಳಿಸಿ ಲಂಬಕೋನವನ್ನು ನಾವೇ ಸೃಷ್ಟಿಸಬೇಕು. ಬಾಹುಗಳು 7 ಮತ್ತು 10, ನಡುವಿನ ಕೋನ 40° ಇರಲಿ. 10ರ ಬಾಹುವನ್ನು ತಳವಾಗಿಟ್ಟು, 7ರ ತುದಿಯಿಂದ ಅದಕ್ಕೆ ಲಂಬ ಇಳಿಸಿ. ಎತ್ತರ = 7 × ಸೈನ್ 40° ≈ 4.50, ಲಂಬ ತಳವನ್ನು ಮುಟ್ಟುವುದು 40° ಶೃಂಗದಿಂದ 7 × ಕಾಸ್ 40° ≈ 5.36 ದೂರದಲ್ಲಿ. ಉಳಿದ ತಳ 4.64. ಆಗ ಮೂರನೆಯ ಬಾಹು √(4.50² + 4.64²) ≈ 6.46, ವಿಸ್ತೀರ್ಣ ½ × 10 × 4.50 = 22.5. ಲಂಬವನ್ನು ಕೋನ ಗೊತ್ತಿರುವ ಶೃಂಗದಿಂದಲೇ ಇಳಿಸಿದರೆ 40° ಎರಡು ತುಂಡಾಗಿ, ಯಾವ ತುಂಡಿನ ಅಳತೆಯೂ ತಿಳಿಯದೆ ಲೆಕ್ಕ ಅಲ್ಲೇ ನಿಲ್ಲುತ್ತದೆ. ಕೊಟ್ಟ ಕೋನವನ್ನು ಒಡೆಯದ ಕಡೆಯಿಂದ ಲಂಬ ಬರಬೇಕು.